ಸೇರಿದವರು ಆರು ತಿಂಗಳಲ್ಲೇ ಬಿಡುತ್ತಿದ್ದಾರೆ, ಎಲ್ಲಿಂದ ಸರಿಪಡಿಸಬೇಕು?

ಪ್ರಶ್ನೆ: ನಮ್ಮದು ಸುಮಾರು 40 ಜನರ ಸಂಸ್ಥೆ. ಎಚ್‌ಆರ್‌ಗೆ ಬೇರೆ ವಿಭಾಗ ಇಲ್ಲ, ಅಕೌಂಟ್ಸ್ ಜೊತೆ ನಾನೇ ನೋಡಿಕೊಳ್ಳುತ್ತೇನೆ. ಕಳೆದ ವರ್ಷ 10 ಜನ ಬಿಟ್ಟರು. ಸಂಬಳ ಏರಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವುದು ಮೇಲಿನವರ ಅಭಿಪ್ರಾಯ. ಹೌದಾ ಸರ್?

ಉತ್ತರ: ಸಂಬಳಕ್ಕೆ ಕೈ ಹಾಕುವ ಮೊದಲು ಬಿಟ್ಟವರ ಪಟ್ಟಿ ಮಾಡಿ. ವರ್ಷದ ಆರಂಭದಲ್ಲಿ 38, ಕೊನೆಯಲ್ಲಿ 42 ಜನ ಇದ್ದರೆ ಸರಾಸರಿ 40. ಬಿಟ್ಟವರು 10. ಅಂದರೆ ಶೇ. 25. ಆದರೆ ಈ ಒಂದು ಅಂಕಿಯಿಂದ ಏನೂ ತಿಳಿಯುವುದಿಲ್ಲ. ಪ್ರತಿಯೊಬ್ಬರ ಹೆಸರಿನ ಮುಂದೆ ಮೂರು ವಿಷಯ ಬರೆಯಿರಿ: ಎಷ್ಟು ತಿಂಗಳಿದ್ದರು, ಯಾವ ಹುದ್ದೆ, ಯಾರ ಕೈಕೆಳಗೆ. ಮೊದಲ ಆರು ತಿಂಗಳಲ್ಲೇ ಹೋದವರು ಹೆಚ್ಚಿದ್ದರೆ ಆಯ್ಕೆಯಲ್ಲೋ ಸೇರಿಸಿಕೊಂಡ ರೀತಿಯಲ್ಲೋ ತಪ್ಪಿದೆ. ಎರಡು-ಮೂರು ವರ್ಷ ಇದ್ದು ಹೋದವರಾದರೆ ಬಡ್ತಿ, ಸಂಬಳದ ಪ್ರಶ್ನೆ. ಎಲ್ಲರೂ ಒಬ್ಬರ ತಂಡದಿಂದಲೇ ಹೋಗಿದ್ದರೆ ಆ ತಂಡ ನಡೆಯುವ ರೀತಿಯನ್ನು ಮೊದಲು ನೋಡಬೇಕು.

ರಾಜೀನಾಮೆ ಪತ್ರದಲ್ಲಿ ಬರೆದ ಕಾರಣವನ್ನು ಪೂರ್ತಿ ನಂಬಬೇಡಿ. ಅನುಭವದ ಪತ್ರ ಕೈಗೆ ಬರುವವರೆಗೆ ಯಾರೂ ಬಿಚ್ಚಿ ಮಾತಾಡುವುದಿಲ್ಲ. ನಿರ್ಗಮನ ಸಂದರ್ಶನವನ್ನು ಅವರ ನೇರ ಮೇಲಧಿಕಾರಿ ಬಿಟ್ಟು ಬೇರೆಯವರು ಮಾಡಲಿ.

ಪ್ರಶ್ನಿಸಿದವರು: ಪಟ್ಟಿ ಮಾಡಿದೆ. ಹತ್ತರಲ್ಲಿ ಏಳು ಜನ ಆರು ತಿಂಗಳೊಳಗೆ ಹೋಗಿದ್ದಾರೆ, ಬೇರೆ ಬೇರೆ ತಂಡಗಳಿಂದ.

ಉತ್ತರ: ಹಾಗಿದ್ದರೆ ಇಲ್ಲಿ ಸಂಬಳಕ್ಕಿಂತ ಮೊದಲು ನೋಡಬೇಕಾದದ್ದು ಕೆಲಸದ ವಿವರಣೆ. ಜಾಬ್ ಡಿಸ್ಕ್ರಿಪ್ಷನ್ ಇದೆಯೇ? ಇದ್ದರೂ ಎಲ್ಲಿಂದಲೋ ನಕಲು ಮಾಡಿದ್ದೇ ಹೆಚ್ಚು. ಅದು ತಪ್ಪಾದರೆ ಜಾಹೀರಾತು, ಸಂದರ್ಶನ, ತರಬೇತಿ, ಮೌಲ್ಯಮಾಪನ ಸಾಲಾಗಿ ತಪ್ಪುತ್ತವೆ, ಯಾಕೆಂದರೆ ಇವೆಲ್ಲ ಅದನ್ನೇ ಆಧರಿಸಿವೆ.

ಈಗ ಆ ಕೆಲಸ ಮಾಡುತ್ತಿರುವವರ ಜೊತೆ ಒಂದು ಗಂಟೆ ಕೂತುಕೊಳ್ಳಿ. ಮುಖ್ಯ ಕೆಲಸಗಳು ಆರರಿಂದ ಎಂಟು ಸಾಕು. ಪ್ರತಿಯೊಂದರ ಎದುರು ವಾರದ ಸಮಯದಲ್ಲಿ ಅದರ ಪಾಲು ಶೇಕಡಾ ಎಷ್ಟು ಅಂತ ಬರೆಸಿ. ‘ಗ್ರಾಹಕರೊಂದಿಗೆ ಸಮನ್ವಯ’ ಅಂತ ಬರೆದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. ‘ದೂರು ಬಂದ ದಿನವೇ ದಾಖಲಿಸಿ, ಎರಡು ದಿನದೊಳಗೆ ಉತ್ತರಿಸುವುದು’ ಅಂತ ಬರೆದರೆ ಅಳೆಯಲು ಬರುತ್ತದೆ. ಆಮೇಲೆ ಕೇಳಿ: ಕಳೆದ ಆರು ತಿಂಗಳಲ್ಲಿ ಈ ಕೆಲಸ ತುಂಬಾ ಚೆನ್ನಾಗಿ ಆದ ಸಂದರ್ಭ ಯಾವುದು, ಕೈಕೊಟ್ಟ ಸಂದರ್ಭ ಯಾವುದು, ಆಗ ಯಾರು ಏನು ಮಾಡಿದರು? ಮನಶ್ಶಾಸ್ತ್ರಜ್ಞ ಜಾನ್ ಫ್ಲಾನಗನ್ 1954ರಲ್ಲಿ ವಿವರಿಸಿದ ವಿಧಾನ ಇದು. ಬೇಕಾದ ನಿಜವಾದ ಗುಣಗಳು ಈ ಉತ್ತರಗಳಲ್ಲೇ ಸಿಗುತ್ತವೆ, ಸಂದರ್ಶನದ ಪ್ರಶ್ನೆಗಳೂ ಇಲ್ಲಿಂದಲೇ ಹುಟ್ಟುತ್ತವೆ.

ಅರ್ಹತೆಗಳನ್ನು ‘ಇರಲೇಬೇಕು’, ‘ಇದ್ದರೆ ಒಳ್ಳೆಯದು’ ಅಂತ ಎರಡಾಗಿ ಮಾಡಿ. ಒಂದು ತಿಂಗಳಲ್ಲಿ ಕಲಿಸಬಹುದಾದದ್ದನ್ನು ‘ಇರಲೇಬೇಕು’ ಪಟ್ಟಿಗೆ ಸೇರಿಸಬೇಡಿ.

ಇನ್ನೊಬ್ಬ ಎಚ್‌ಆರ್ ಸದಸ್ಯರು: ಸಂದರ್ಶನದ ಬಗ್ಗೆ ಸೇರಿಸುತ್ತೇನೆ. ‘ನಿಮ್ಮ ಬಗ್ಗೆ ಹೇಳಿ’ ಅಂತ ಶುರುವಾಗಿ ಹರಟೆಯಲ್ಲಿ ಮುಗಿಯುವ ಸಂದರ್ಶನದಲ್ಲಿ ಚೆನ್ನಾಗಿ ಮಾತಾಡುವವರು ಆಯ್ಕೆಯಾಗುತ್ತಾರೆ. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ ಇರಲಿ. 45 ನಿಮಿಷಕ್ಕೆ ಆರೇಳು ಪ್ರಶ್ನೆ ಸಾಕು. ಪ್ರತಿ ಪ್ರಶ್ನೆಗೂ 1, 3, 5 ಅಂಕ ಯಾವ ರೀತಿಯ ಉತ್ತರಕ್ಕೆ ಅಂತ ಮೊದಲೇ ಬರೆದಿಡಿ. ಇಬ್ಬರು ಕೂತು ಕೇಳಿ, ಆದರೆ ಪರಸ್ಪರ ಮಾತಾಡುವ ಮೊದಲೇ ಅಂಕ ಹಾಕಿಬಿಡಿ. ಹಿರಿಯರು ಮೊದಲು ಬಾಯಿಬಿಟ್ಟರೆ ಉಳಿದವರ ಅಂಕ ಅತ್ತಲೇ ವಾಲುತ್ತದೆ. ಮನಶ್ಶಾಸ್ತ್ರಜ್ಞರಾದ ಫ್ರಾಂಕ್ ಸ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ ಹಲವು ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಮುಂದಿನ ಕೆಲಸದ ಗುಣಮಟ್ಟದ ಜೊತೆ ಇಂಥ ಕ್ರಮಬದ್ಧ ಸಂದರ್ಶನದ ಸಂಬಂಧ 0.51, ಕ್ರಮವಿಲ್ಲದ್ದರದು 0.38 ಬಂತು (0 ಅಂದರೆ ಸಂಬಂಧವೇ ಇಲ್ಲ, 1 ಅಂದರೆ ಪೂರ್ತಿ ಹೊಂದಿಕೆ). 2022ರ ಮರುವಿಶ್ಲೇಷಣೆಯಲ್ಲಿ ಈ ಅಂಕಿಗಳು ಇಳಿದರೂ ಕ್ರಮಬದ್ಧ ಸಂದರ್ಶನವೇ ಮುಂದಿದೆ.

ಅರ್ಧ ಗಂಟೆಯ ಕೆಲಸದ ಮಾದರಿ ಪರೀಕ್ಷೆಯನ್ನೂ ಇಡಿ. ಅದರ ನೆಪದಲ್ಲಿ ಸಂಸ್ಥೆಯ ನಿಜವಾದ ಕೆಲಸ ಬಿಟ್ಟಿ ಮಾಡಿಸಿಕೊಳ್ಳುವುದು ಅನ್ಯಾಯ. ಕೊನೆಯ ಹತ್ತು ನಿಮಿಷ ಕೆಲಸದ ಕಷ್ಟದ ಮುಖವನ್ನು ಮುಚ್ಚಿಡದೆ ಹೇಳಿ: ಪಾಳಿ, ರಜಾದಿನದ ಕೆಲಸ, ಬೇಸರ ತರಿಸುವ ಭಾಗ. ಕೇಳಿ ಹಿಂದೆ ಸರಿಯುವವರು ಅಲ್ಲೇ ಸರಿಯಲಿ, ಮೂರು ತಿಂಗಳ ತರಬೇತಿ ಕೊಟ್ಟ ಮೇಲೆ ಹೋದರೆ ಇಬ್ಬರಿಗೂ ನಷ್ಟ.

ಉತ್ತರ (ಮುಂದುವರಿಕೆ): ಸೇರಿದ ಮೇಲೆ: ಮೊದಲ ದಿನವೇ ಕೂರುವ ಜಾಗ, ಲಾಗಿನ್, ಸಲಕರಣೆ ಸಿದ್ಧವಿರಲಿ, ಏನು ಬೇಕಾದರೂ ಕೇಳಬಹುದಾದ ಒಬ್ಬ ಸಹೋದ್ಯೋಗಿಯನ್ನು ಜೊತೆ ಮಾಡಿ. 30, 60, 90ನೇ ದಿನ ಮೇಲಧಿಕಾರಿ ಅರ್ಧ ಗಂಟೆ ಕೂತು ಮಾತಾಡಬೇಕು. ಹೆಚ್ಚಿನ ಕಡೆ ಪ್ರೊಬೇಷನ್ (ಪರೀಕ್ಷಾರ್ಥ ಅವಧಿ) ಮುಗಿಯುವ ದಿನವಷ್ಟೇ ಎಲ್ಲರಿಗೂ ಇದು ನೆನಪಾಗುತ್ತದೆ. ಕೊರತೆ ಇದ್ದರೆ 30ನೇ ದಿನವೇ ಹೇಳಿ, ಇಲ್ಲವಾದರೆ ತಿದ್ದಿಕೊಳ್ಳಲು ಸಮಯ ಎಲ್ಲಿ?

ಮತ್ತೊಬ್ಬ ಸದಸ್ಯೆ: ನಮ್ಮ ವಾರ್ಷಿಕ ಮೌಲ್ಯಮಾಪನದಲ್ಲಿ ಎಲ್ಲರಿಗೂ ಐದಕ್ಕೆ ನಾಲ್ಕು. ಇಂತಿಷ್ಟು ಜನರಿಗೆ ಕಡಿಮೆ ಕೊಡಲೇಬೇಕು ಅಂತ ನಿಯಮ ಮಾಡಿದರೆ ಹೇಗೆ?

ಉತ್ತರ: ಬೇಡ ಮೇಡಂ. ಏಳು ಜನರ ತಂಡದಲ್ಲಿ ಏಳೂ ಜನ ಚೆನ್ನಾಗಿ ಮಾಡಿರಬಹುದು, ನಿಯಮಕ್ಕಾಗಿ ಒಬ್ಬರನ್ನು ಬಲಿ ಕೊಟ್ಟರೆ ಮುಂದಿನ ವರ್ಷ ಯಾರೂ ಯಾರಿಗೂ ಸಹಾಯ ಮಾಡುವುದಿಲ್ಲ. ಮೈಕ್ರೋಸಾಫ್ಟ್ ಕೂಡ ಇಂಥ ಪದ್ಧತಿಯನ್ನು 2013ರಲ್ಲಿ ಕೈಬಿಟ್ಟಿತು.

ಎಲ್ಲರಿಗೂ ನಾಲ್ಕು ಬೀಳುವುದು ಮೇಲಧಿಕಾರಿಯ ಕೈಯಲ್ಲಿ ದಾಖಲೆ ಇಲ್ಲದ್ದರಿಂದ. ವರ್ಷದ ಕೊನೆಯಲ್ಲಿ ನೆನಪಿರುವುದು ಕೊನೆಯ ಎರಡು ತಿಂಗಳು ಮಾತ್ರ. ಜೊತೆಗೆ, ಒಂದು ಗುಣ ಮೆಚ್ಚಿದರೆ ಉಳಿದ ಗುಣಗಳಿಗೂ ಕೈತುಂಬ ಅಂಕ ಹೋಗುತ್ತದೆ. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಷ್ಟು ಹಿಂದೆಯೇ ಸೇನಾಧಿಕಾರಿಗಳು ಕೊಟ್ಟ ಅಂಕಗಳಲ್ಲಿ ಇದನ್ನು ತೋರಿಸಿದ್ದರು. ಪರಿಹಾರ: ತಿಂಗಳಿಗೊಮ್ಮೆ ಒಬ್ಬೊಬ್ಬರ ಬಗ್ಗೆ ತಾರೀಖು ಹಾಕಿ ಎರಡು ಸಾಲು ಟಿಪ್ಪಣಿ. ಒಬ್ಬರಿಗೆ ನಾಲ್ಕೈದಕ್ಕಿಂತ ಹೆಚ್ಚು ಗುರಿ ಬೇಡ. ಅಂಕ ತಿಳಿಸುವ ಮೊದಲು ಎಲ್ಲ ಮೇಲಧಿಕಾರಿಗಳು ಒಟ್ಟಿಗೆ ಕೂತು, ಕೊಟ್ಟ ಅಂಕಕ್ಕೆ ಉದಾಹರಣೆ ಸಹಿತ ಕಾರಣ ಹೇಳಲಿ.

ಮಾತಾಡುವಾಗ ಕೆಲಸದ ಬಗ್ಗೆ ಮಾತಾಡಿ, ಸ್ವಭಾವದ ಬಗ್ಗೆ ಅಲ್ಲ. ಸಂಶೋಧಕರಾದ ಕ್ಲೂಗರ್ ಮತ್ತು ಡಿನೀಸಿ 1996ರಲ್ಲಿ ಪರಿಶೀಲಿಸಿದ ಪ್ರಕರಣಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಡೆ ಫೀಡ್‌ಬ್ಯಾಕ್ ಕೊಟ್ಟ ಮೇಲೆ ಕೆಲಸ ಕೆಟ್ಟಿತ್ತು. ‘ನಿಮಗೆ ಶ್ರದ್ಧೆ ಇಲ್ಲ’ ಅಂದರೆ ಕೇಳುವವರು ತಮ್ಮನ್ನು ಸಮರ್ಥಿಸಿಕೊಳ್ಳಲು ನಿಲ್ಲುತ್ತಾರೆ. ‘ಈ ತಿಂಗಳ ಮೂರು ವರದಿ ತಡವಾದವು, ಎಲ್ಲಿ ಸಿಕ್ಕಿಹಾಕಿಕೊಂಡಿತು?’ ಅಂದರೆ ಮಾತು ಮುಂದೆ ಹೋಗುತ್ತದೆ. ಇನ್‌ಕ್ರಿಮೆಂಟ್ ಮಾತನ್ನು ಕೆಲವು ವಾರ ಬಿಟ್ಟು ಬೇರೆ ದಿನ ಇಟ್ಟುಕೊಳ್ಳಿ, ಒಟ್ಟಿಗೆ ಹೇಳಿದರೆ ಹಣದ ಮಾತು ಬಿಟ್ಟು ಬೇರೇನೂ ಕಿವಿಗೆ ಬೀಳುವುದಿಲ್ಲ.

ಪ್ರಶ್ನಿಸಿದವರು: ಕೊನೆಯದೊಂದು. ಪದೇಪದೇ ಹೇಳದೆ ರಜೆ ಹಾಕುವವರಿಗೆ ನೇರವಾಗಿ ಮೆಮೊ ಕೊಡಬಹುದಾ?

ಉತ್ತರ: ಮೊದಲು ಕಾರಣ ಕೇಳಿ. ಅನಾರೋಗ್ಯವೋ ಮನೆಯ ತೊಂದರೆಯೋ ಆದರೆ ಪಾಳಿ ಬದಲಿಸಿದರೆ ಮುಗಿಯಬಹುದು. ಕೆಲಸ ಗೊತ್ತಿಲ್ಲದಿರುವುದು, ಗೊತ್ತಿದ್ದರೂ ಮಾಡದಿರುವುದು ಬೇರೆ ಬೇರೆ. ಮೊದಲನೆಯದಕ್ಕೆ ತರಬೇತಿ ಮತ್ತು ಗಡುವು, ಎರಡನೆಯದಕ್ಕೆ ಮಾತ್ರ ಶಿಸ್ತುಕ್ರಮ. ಮೆಮೊ ಕೊಡಬೇಕಾದರೆ ತಾರೀಖುಗಳು, ಮುರಿದ ನಿಯಮ, ಉತ್ತರಿಸಲು ಸಾಕಷ್ಟು ಕಾಲಾವಕಾಶ ಬರೆಯಿರಿ. ‘ಯಾವಾಗಲೂ’, ‘ಬೇಜವಾಬ್ದಾರಿ’ ಅನ್ನುವ ಪದಗಳು ಅದರಲ್ಲಿ ಇರಕೂಡದು. ವಿಚಾರಣೆ ಮಾಡಿದವರೇ ತೀರ್ಮಾನ ಕೊಡಬಾರದು, ಮೇಲ್ಮನವಿಯನ್ನು ಇನ್ನೊಬ್ಬರು ಕೇಳಬೇಕು. ಅದೇ ತಪ್ಪು ಮಾಡಿದ ಮತ್ತೊಬ್ಬರನ್ನು ಹಿಂದೆ ಸುಮ್ಮನೆ ಬಿಟ್ಟಿದ್ದರೆ ಈ ಕ್ರಮವನ್ನು ಸಮರ್ಥಿಸಿಕೊಳ್ಳಲು ಆಗುವುದಿಲ್ಲ, ಹಳೆಯ ಫೈಲ್ ಮೊದಲು ನೋಡಿ. ರಜೆಗೆ ಕೊಟ್ಟ ವೈದ್ಯಕೀಯ ಕಾಗದಗಳನ್ನು ಆ ಫೈಲ್‌ನಲ್ಲಿ ಇಡಬೇಡಿ, ಬೇರೆ ಬೀಗದಲ್ಲಿಡಿ.