ವೃತ್ತದ ವಿಸ್ತೀರ್ಣ: ನನಗೆ 103, ಪುಸ್ತಕದಲ್ಲಿ 77. ಯಾರದು ತಪ್ಪು?

ರಾತ್ರಿ_ಲೆಕ್ಕ: ತಲೆ ಕೆಟ್ಟು ಹೋಗಿದೆ. ಮಗಳ ಹೋಮ್‌ವರ್ಕ್. ಸುತ್ತಳತೆ 36 ಸೆಂ.ಮೀ., ವಿಸ್ತೀರ್ಣ ಎಷ್ಟು? ಅಷ್ಟೇ. ಮೂರು ಸಲ ಮಾಡಿದೆ, ಮೂರು ಸಲವೂ 103 ಚಿಲ್ಲರೆ. ಪುಸ್ತಕದ ಕೊನೆಯಲ್ಲಿ 77 ಅಂತಿದೆ. ಪುಸ್ತಕವೇ ತಪ್ಪು ಅಂತ ಅವಳಿಗೆ ಹೇಳಿಬಿಡಲಾ?

ಪೈ_ಪ್ರೇಮಿ: ಪೈ ಬೆಲೆ ಎಷ್ಟು ಹಾಕಿದಿರಿ? 3.14 ಹಾಕಿದ್ದರೆ 22/7 ಹಾಕಿ ನೋಡಿ. ಯಾವಾಗಲೂ ಇಲ್ಲೇ ಎಡವಟ್ಟು ಆಗೋದು.

ಮುರಿದ_ಕೈವಾರ: ವ್ಯಾಸ, ತ್ರಿಜ್ಯ ಅದಲುಬದಲು ಆಗಿಲ್ಲ ತಾನೆ?

ರಾತ್ರಿ_ಲೆಕ್ಕ: ಇಲ್ಲ ಸ್ವಾಮಿ. 36ನ್ನು 2 × 22/7ರಿಂದ ಭಾಗಿಸಿದೆ, ತ್ರಿಜ್ಯ 5.727. ವಿಸ್ತೀರ್ಣ 103.09. ಈಗ 3.14 ಹಾಕಿಯೂ ನೋಡಿದೆ, 103.18. 77ರ ಹತ್ತಿರಕ್ಕೂ ಬರುತ್ತಿಲ್ಲ.

ಪೈ_ಪ್ರೇಮಿ: ಹಾಗಾದರೆ ಪುಸ್ತಕದವರು ಪೈ ಸುಮ್ನೆ 3 ಅಂತ ಇಟ್ಟಿರಬೇಕು.

ಮುರಿದ_ಕೈವಾರ: ಆಗ 108 ಬರುತ್ತೆ, ಇನ್ನೂ ದೂರ. 77 ಬರಬೇಕು ಅಂದ್ರೆ ಪೈ 4.2 ಇರಬೇಕು. ಪೈ ಬಿಡಿ ಮಾರಾಯ್ರೆ.

ಪೈ_ಪ್ರೇಮಿ: ಬಿಡೋದು ಹೇಗೆ? 22/7 ನಿಜವಾದ ಬೆಲೆಗಿಂತ ಸ್ವಲ್ಪ ಜಾಸ್ತಿ, 3.14 ಸ್ವಲ್ಪ ಕಡಿಮೆ. 499ರಲ್ಲೇ ಆರ್ಯಭಟ 62832/20000 ಅಂತ ಕೊಟ್ಟಿದ್ದಾನೆ, ಅಂದರೆ 3.1416. ನಾನಂತೂ 355/113 ಬಳಸ್ತೀನಿ, ಆರು ದಶಾಂಶ ಸ್ಥಾನದವರೆಗೆ ಸರಿ. ದಶಾಂಶ 50 ಅಂಕಿ ಬಾಯಿಪಾಠ ಬೇರೆ.

ದಾರದುಂಡೆ: 50 ಅಂಕಿ ತಗೊಂಡು ಹೋಮ್‌ವರ್ಕ್ ಆಗಲ್ಲ ಅಲ್ವಾ? ಬೇರೆ ಕಡೆಯಿಂದ ನೋಡೋಣ. 36 ಸೆಂ.ಮೀ. ದಾರದಲ್ಲಿ ಅತಿ ಜಾಸ್ತಿ ಜಾಗ ಸುತ್ತೋ ಆಕಾರ ವೃತ್ತ. ಅದಕ್ಕೆ 103. ಅದೇ ದಾರದಲ್ಲಿ ಚೌಕ ಮಾಡಿದರೂ 81 ಬರುತ್ತೆ. ನಿಮ್ಮ ಪುಸ್ತಕದ್ದು 77. ಅಂದರೆ ಅದು ಪೂರ್ತಿ ವೃತ್ತವೇ ಅಲ್ಲ. ಪಕ್ಕದಲ್ಲಿ ಚಿತ್ರ ಇದೆಯಾ?

ರಾತ್ರಿ_ಲೆಕ್ಕ: ಇದೆ. ಅರ್ಧವೃತ್ತ. ಅದನ್ನೂ ಹೇಳಬೇಕಿತ್ತಾ? ವೃತ್ತದ ಪಾಠ ತಾನೆ! ಹಾಗೂ ಮಾಡಿ ನೋಡಿದ್ದೆ: ಪೈ × ತ್ರಿಜ್ಯ = 36, ತ್ರಿಜ್ಯ 11.45, ವಿಸ್ತೀರ್ಣ 206. ಇನ್ನೂ ಕೆಟ್ಟು ಹೋಯ್ತು ಅಂತ ಬಿಟ್ಟುಬಿಟ್ಟೆ.

ಮುರಿದ_ಕೈವಾರ: ಅಯ್ಯೋ, ಮೊದಲೇ ಹೇಳೋದಲ್ವಾ! ಎರಡು ದಿನದಿಂದ ಪೈ ಹಿಂದೆ ಓಡ್ತಿದ್ದೀವಿ.

ದಾರದುಂಡೆ: 206 ನೋಡಿದಾಗಲೇ ಅನುಮಾನ ಬರಬೇಕಿತ್ತು. ಪೂರ್ತಿ ವೃತ್ತಕ್ಕಿಂತ ಅರ್ಧವೃತ್ತ ಜಾಸ್ತಿ ಜಾಗ ಸುತ್ತುತ್ತಾ? ನೀವು ಬಾಗಿದ ಗೆರೆ ಮಾತ್ರ ಲೆಕ್ಕಕ್ಕೆ ಹಿಡಿದಿದ್ದೀರಿ. ಕೆಳಗಿನ ನೇರ ಗೆರೆ, ಅಂದರೆ ವ್ಯಾಸ, ಬಿಟ್ಟು ಹೋಗಿದೆ. ಮಗಳ ಬಾಕ್ಸಿನಿಂದ ಕೋನಮಾಪಕ ತೆಗೆದು ಅಂಚಿಗೆ ದಾರ ಸುತ್ತಿ ನೋಡಿ. ಒಂದು ಮೂಲೆಯಿಂದ ಶುರು ಮಾಡಿ ಪುನಃ ಅದೇ ಮೂಲೆಗೆ ಬರಬೇಕು.

ರಾತ್ರಿ_ಲೆಕ್ಕ: ಸುತ್ತಿದೆ. ಬಾಗಿದ ಅಂಚಿಗೆ ಹತ್ತಿರ ಹತ್ತಿರ 16 ಸೆಂ.ಮೀ. ದಾರ ಹಿಡಿಯಿತು, ಕೆಳಗಿನ ಅಂಚಿಗೆ 10. ಒಟ್ಟು 26. ದಾರ ಮೂಲೆಯಲ್ಲಿ ಜಾರಿ ಜಾರಿ ಹೋಗ್ತಿತ್ತು, ಮಗಳು ಹೆಬ್ಬೆರಳಲ್ಲಿ ಒತ್ತಿ ಹಿಡಿದಳು. ಓಹೋ, ಈ 10 ನಾನು ಸೇರಿಸೇ ಇಲ್ಲ!

ಸೂಕ್ಷ್ಮದರ್ಶಿ: ಒಂದು ಮಾತು. ಎಷ್ಟೋ ಕೋನಮಾಪಕಗಳಲ್ಲಿ ಸೊನ್ನೆ ಗೆರೆಯ ಕೆಳಗೆ ಒಂದು ಪಟ್ಟಿ ಜಾಸ್ತಿ ಇರುತ್ತೆ. ಅದು ನಿಜವಾದ ಅರ್ಧವೃತ್ತ ಅಲ್ಲ.

ಮುರಿದ_ಕೈವಾರ: ಅವರಿಗೆ ಈಗ ಅದರ ಚಿಂತೆಯಾ? ನನ್ನದರಲ್ಲಿ ಆ ಪಟ್ಟಿ ಇಲ್ಲ, ಹಿತ್ತಾಳೆಯದು, ಅಂಚು ಇನ್ನೂ ಸವೆದಿಲ್ಲ.

ಸೂಕ್ಷ್ಮದರ್ಶಿ: ಹಿತ್ತಾಳೆ ಇದ್ದು ಏನು ಪ್ರಯೋಜನ, ಕೈವಾರ ಮುರಿದಿದೆಯಲ್ಲ.

ದಾರದುಂಡೆ: ಜಗಳ ಆಮೇಲೆ. ಲೆಕ್ಕ ಹೀಗೆ. ಬಾಗಿದ ಗೆರೆ 22/7 × ತ್ರಿಜ್ಯ, ನೇರ ಗೆರೆ 2 × ತ್ರಿಜ್ಯ. ಕೂಡಿಸಿದರೆ 36/7 × ತ್ರಿಜ್ಯ. ಅದು 36ಕ್ಕೆ ಸಮ. ಆದ್ದರಿಂದ ತ್ರಿಜ್ಯ 7. ವಿಸ್ತೀರ್ಣ ½ × 22/7 × 49 = 77. ಲೆಕ್ಕ ಕೊಟ್ಟವರು 36 ಅಂತ ಯಾಕೆ ಆರಿಸಿದರು ಅಂತಲೂ ಗೊತ್ತಾಯ್ತಲ್ಲ.

ರಾತ್ರಿ_ಲೆಕ್ಕ: ಬಂತು! ಪುಸ್ತಕಕ್ಕೆ ಬೈದದ್ದು ವಾಪಸ್. ಮುಂದಿನದು ಕಾಲುವೃತ್ತ, ಸುತ್ತಳತೆ 25. ನಾನು ಪೆನ್ಸಿಲ್ ಚೂಪು ಮಾಡೋದರೊಳಗೆ ಮಗಳು ಬಾಗಿದ್ದು 11, ನೇರ ಗೆರೆ ಎರಡು, 7 + 7 ಅಂತ ಬರೆದು 38.5 ತೋರಿಸಿದಳು.

ಪೈ_ಪ್ರೇಮಿ: ನೋಡಿ, ಆ ಅರ್ಧವೃತ್ತಕ್ಕೆ 3.14 ಹಾಕಿದ್ದರೆ ತ್ರಿಜ್ಯ 7.004 ಬರ್ತಿತ್ತು. 22/7 ಹಾಕಿದ್ದಕ್ಕೇ ಸರಿಯಾಗಿ 7 ಬಂದದ್ದು. ಮೊದಲನೇ ಉತ್ತರದಲ್ಲೇ ಹೇಳಿದ್ದೆ ನಾನು.