ಹಡರ್ಸ್‌ಫೀಲ್ಡ್‌ನಲ್ಲಿ ಮನೆ ತಗೊಂಡು ಮ್ಯಾಂಚೆಸ್ಟರ್‌ಗೆ ಟ್ರೇನಲ್ಲಿ ಓಡಾಡಬಹುದಾ? ಲೈನ್ ಕೆಲಸ ಯಾವಾಗ ಮುಗಿಯತ್ತೆ?

ಮುಂಗಾರುಮೋಡ:

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಲೀಡ್ಸ್, ಮ್ಯಾಂಚೆಸ್ಟರ್ ಕಡೆ ಇರೋ ನಮ್ಮೋರು ಯಾರಾದ್ರೂ ಇದ್ರೆ ಸ್ವಲ್ಪ ದಾರಿ ತೋರಿಸಿ. ನಾವು ಮೂರು ವರ್ಷದಿಂದ ಲೀಡ್ಸ್‌ನಲ್ಲಿ ಬಾಡಿಗೆ ಮನೇಲಿದೀವಿ, ನಮ್ಮೆಜಮಾನ್ರ ಕೆಲಸ ಅಲ್ಲೇ, ನಂಗೆ ಈಗ ಮ್ಯಾಂಚೆಸ್ಟರಲ್ಲಿ ಆಕ್ಸ್‌ಫರ್ಡ್ ರೋಡ್ ಹತ್ರ ಕೆಲಸ ಸಿಕ್ಕಿದೆ, ವಾರಕ್ಕೆ ಮೂರು ದಿನ ಆಫೀಸಿಗೆ ಹೋಗ್ಲೇಬೇಕು. ಇಬ್ರಿಗೂ ನಡುವೆ ಇರ್ಲಿ ಅಂತ ಹಡರ್ಸ್‌ಫೀಲ್ಡಲ್ಲಿ ಮನೆ ನೋಡ್ತಿದೀವಿ, ಒಂದು ಮನೆ ತುಂಬಾ ಹಿಡಿಸಿದೆ, ಸ್ಟೇಷನ್‌ಗೆ ಹನ್ನೆರಡು ನಿಮಿಷ ನಡಿಗೆ.

ಮನೆ ತೋರ್ಸಿದ ಏಜೆಂಟ್ ಏನಂದ ಅಂದ್ರೆ ಈ ಲೈನ್ ಪೂರ್ತಿ ಎಲೆಕ್ಟ್ರಿಕ್ ಆಗ್ತಿದೆ, ಹಳಿ ಡಬಲ್ ಆಗ್ತಿದೆ, ಎರಡು ವರ್ಷ ಬಿಟ್ಟು ಬಂದ್ರೆ ಈ ರೇಟಿಗೆ ಕಣ್ಣೆತ್ತಿ ನೋಡೋಕೂ ಆಗಲ್ಲ ಅಂತ. ಆದ್ರೆ ನನ್ನ ಹೊಸ ಆಫೀಸಲ್ಲಿ ಯಾರನ್ನ ಕೇಳಿದ್ರೂ ಮುಖ ಹಿಂಡ್ತಾರೆ, ಟ್ರೇನ್ ನಂಬ್ಕೊಂಡು ಬರ್ಬೇಡ ಅಂತಾರೆ. ನಂಗೆ ಮುಖ್ಯ ವಿಷಯ ಒಂದೇ, ಮಗಳ ನರ್ಸರಿ ಆರು ಗಂಟೆಗೆ ಮುಚ್ಚತ್ತೆ, ಆಮೇಲೆ ಪ್ರತಿ ನಿಮಿಷಕ್ಕೂ ಫೈನ್. ಐದು ಗಂಟೆ ಒಳಗೆ ಹತ್ತಿದ್ರೆ ಆರಕ್ಕೆ ತಲುಪ್ತೀನಾ? ಈ ಕೆಲಸ ನಿಜವಾಗ್ಲೂ ನಡೀತಿದ್ಯಾ ಇಲ್ಲಾ ಏಜೆಂಟ್ ಕಥೆನಾ?

ಕಡಲಕರೆ:

ನಾನು ಆರು ವರ್ಷ ಆಯ್ತು ಇದೇ ರೂಟಲ್ಲಿ ಹೋಗ್ತಾ ಬರ್ತಾ. ಕಥೆ ಅಲ್ಲ ಮಾರಾಯ್ರೆ, ಕೆಲಸ ಜೋರಾಗಿಯೇ ನಡೀತಾ ಉಂಟು, 2025ರ ಸೆಪ್ಟೆಂಬರಲ್ಲಿ ಹೆಚ್ಚುಕಮ್ಮಿ ಒಂದು ತಿಂಗಳು ಹಡರ್ಸ್‌ಫೀಲ್ಡ್ ಸ್ಟೇಷನ್ನೇ ಬಂದ್ ಮಾಡಿದ್ರು. ಆದ್ರೆ ಎರಡು ವರ್ಷದಲ್ಲಿ ಮುಗೀತದೆ ಅಂತ ಹೇಳಿದವ ಮನೆ ಮಾರ್ಲಿಕ್ಕೆ ಹೇಳಿದ್ದು.

ಸರಿ ಇದ್ದ ದಿನ ಇದಕ್ಕಿಂತ ಒಳ್ಳೆ ಪ್ರಯಾಣ ಇಲ್ಲ. ಫಾಸ್ಟ್ ಗಾಡಿ ಹಡರ್ಸ್‌ಫೀಲ್ಡಿಂದ ಮ್ಯಾಂಚೆಸ್ಟರಿಗೆ ಅರ್ಧ ಗಂಟೆ ಚಿಲ್ರೆ, ಲೀಡ್ಸಿಗೆ ಇಪ್ಪತ್ತು ನಿಮಿಷದ ಹತ್ರ. ಮಧ್ಯೆ ಮಾರ್ಸ್‌ಡನ್ ದಾಟಿ ಸ್ಟ್ಯಾಂಡೆಜ್ ಸುರಂಗ, ಮೂರು ಮೈಲಿಗೂ ಸ್ವಲ್ಪ ಜಾಸ್ತಿ, ಮೊಬೈಲ್ ಸಿಗ್ನಲ್ ಹೋಗ್ತದೆ, ಆಫೀಸ್ ಫೋನ್ ಎತ್ತದೇ ಇರ್ಲಿಕ್ಕೆ ಅದೊಂದು ನೆಪ. ಸರಿ ಇಲ್ಲದ ದಿನ ಮಾತ್ರ ಪ್ಲಾಟ್‌ಫಾರ್ಮಲ್ಲಿ ನಿಂತು ಬೋರ್ಡ್ ನೋಡಿದ್ದೇ ನೋಡಿದ್ದು. ನಂಗೆ ಒಂದ್ಸಲ ಸಂಜೆ ಐದರ ಗಾಡಿ ಕ್ಯಾನ್ಸಲ್, ಅದರ ಹಿಂದಿಂದು ತುಂಬಿ ಬಾಗಿಲು ಹಾಕ್ಲಿಕ್ಕಿಲ್ಲ, ಮನೆ ಮುಟ್ಟುವಾಗ ಏಳೂವರೆ. ಅದಕ್ಕೆ ನಿಮ್ಮ ನರ್ಸರಿ ಲೆಕ್ಕ ಮ್ಯಾಂಚೆಸ್ಟರ್ ಕಡೆಯಿಂದ ಹಾಕ್ಬೇಡಿ. ಪಿಕಪ್ ನಿಮ್ಮ ಯಜಮಾನ್ರಿಗೆ ಕೊಡಿ, ಲೀಡ್ಸ್ ಕಡೆ ದೂರವೂ ಕಮ್ಮಿ ಗಾಡಿಯೂ ಜಾಸ್ತಿ, ಬೆಳಿಗ್ಗೆ ಬಿಡೋದು ನೀವು ಇಟ್ಕೊಳ್ಳಿ.

ಟಿಕೆಟ್ ವಿಷಯ. ಮೂರು ದಿನಕ್ಕೆ ತಿಂಗಳ ಸೀಸನ್ ತಗೊಂಡು ದುಡ್ಡು ಸುಡ್ಬೇಡಿ, ಫ್ಲೆಕ್ಸಿ ಸೀಸನ್ ಅಂತ ಉಂಟು, 28 ದಿನದಲ್ಲಿ 8 ದಿನ ಯಾವಾಗ ಬೇಕಾದ್ರೂ ಹೋಗ್ಬಹುದು. ನಿಮ್ದು 12 ದಿನ ಆಗ್ತದೆ, ಹಾಗಾಗಿ ಫ್ಲೆಕ್ಸಿ ಪ್ಲಸ್ ನಾಲ್ಕು ದಿನಕ್ಕೆ ಬಿಡಿ ಟಿಕೆಟ್, ಅದನ್ನ ಮಾಮೂಲಿ ಸೀಸನ್ ಜೊತೆ ಒಮ್ಮೆ ತಾಳೆ ಹಾಕಿ ನೋಡಿ. ಟಿಕೆಟಲ್ಲಿ ಮ್ಯಾಂಚೆಸ್ಟರ್ ಸ್ಟೇಷನ್ಸ್ ಅಂತ ಇದ್ರೆ ಪಿಕಡಿಲಿ, ವಿಕ್ಟೋರಿಯಾ, ಆಕ್ಸ್‌ಫರ್ಡ್ ರೋಡ್ ಎಲ್ಲಿ ಬೇಕಾದ್ರೂ ಇಳೀಬಹುದು. ಮತ್ತೆ 15 ನಿಮಿಷ ಲೇಟಾದ್ರೂ ಡಿಲೇ ರಿಪೇ ಹಾಕಿ, ಅಂದ್ರೆ ಲೇಟಾದದ್ದಕ್ಕೆ ದುಡ್ಡು ವಾಪಸ್ ಕೇಳುವ ಅರ್ಜಿ, ಸಂಕೋಚ ಬೇಡ. ಅರ್ಧ ಗಂಟೆ ಲೇಟಿಗೆ ಆ ಕಡೆಯ ಟಿಕೆಟ್ ದುಡ್ಡಲ್ಲಿ ಅರ್ಧ ವಾಪಸ್, ಒಂದು ಗಂಟೆಗೆ ಪೂರ್ತಿ. ನಾನು ಕಳೆದ ಚಳಿಗಾಲದ ಕೋಟು ಆ ದುಡ್ಡಲ್ಲೇ ತಗೊಂಡದ್ದು.

ಜವಾರಿ_ಸಿಗ್ನಲ್:

ಅಕ್ಕಾರ, ನಾ ಸಿಗ್ನಲ್ ಕೆಲಸದಾಗ ಅದೀನ್ರಿ, ಆಫೀಸಿನ ಗುಟ್ಟು ಏನೂ ಹೇಳಂಗಿಲ್ಲ, ಎಲ್ಲಾರಿಗೂ ಗೊತ್ತಿರೂದನ್ನ ಬಿಡಿಸಿ ಹೇಳ್ತೀನಿ ಅಷ್ಟ.

ನಿಮ್ಮ ಏಜೆಂಟ್ ಎಲೆಕ್ಟ್ರಿಕ್ ಎಲೆಕ್ಟ್ರಿಕ್ ಅಂತಾನ, ಖರೇ ಹೇಳ್ಬೇಕಂದ್ರ ಈ ಲೈನಿನ ರೋಗ ಕರೆಂಟ್ ಇಲ್ಲದ್ದಲ್ಲ, ಹಳಿ ಎರಡ ಇರೂದು. ಒಂದು ಹೋಗಾಕ, ಒಂದು ಬರಾಕ. ಎಲ್ಲಾ ಊರಾಗ ನಿಂದ್ರೂ ಗಾಡಿ ಮುಂದ ಹೊಂಟಿತ್ತಂದ್ರ ಹಿಂದಿನ ಫಾಸ್ಟ್ ಗಾಡಿ ಅದರ ಬಾಲಾ ಹಿಡ್ಕೊಂಡ ಬರಬೇಕು, ದಾಟಾಕ ಜಾಗಾನ ಇಲ್ಲ. ಲಿವರ್‌ಪೂಲ್ ಕಡೆ ಒಂದು ಗಾಡಿ ಹತ್ತು ನಿಮಿಷ ತಡಾ ಆತಂದ್ರ ಅದರ ಪೆಟ್ಟು ಯಾರ್ಕ್ ತನಕ ಬರ್ತೈತಿ. ಅದಕ್ಕ ಟ್ರಾನ್ಸ್‌ಪೆನೈನ್ ರೂಟ್ ಅಪ್‌ಗ್ರೇಡ್‌ನಾಗ, ಅಂದ್ರ ಈ ಲೈನ್ ಸುಧಾರಿಸೂ ಇಡೀ ಯೋಜನೆದಾಗ, ನನಗ ಭಾಳ ಮುಖ್ಯ ಅನ್ಸೂದು ಹಡರ್ಸ್‌ಫೀಲ್ಡಿಂದ ಡ್ಯೂಸ್‌ಬರಿ ಬಾಜೂ ವೆಸ್ಟ್‌ಟೌನ್ ತನಕ ಸುಮಾರು 8 ಮೈಲಿ. ಅಲ್ಲಿ ಎರಡು ಹಳಿ ಇದ್ದದ್ದು ನಾಕ ಆಗ್ತೈತಿ. ಮಜಾ ಏನಂದ್ರ ಹಿಂದಕ ಅಲ್ಲಿ ನಾಕ ಹಳಿ ಇದ್ದೂವ, ಯಾರಿಗೆ ಬೇಕು ಅಂತ ಕಿತ್ತ ಒಗದ್ರು, ಈಗ ರೊಕ್ಕಾ ಸುರದು ಮತ್ತ ಹಾಕಾಕ ಹತ್ಯಾರ. ರೇವನ್ಸ್‌ಥಾರ್ಪ್‌ದಾಗ ಫ್ಲೈಓವರ್ ಬೇರೆ, ಯಾಕಂದ್ರ ಅಲ್ಲಿ ಲೀಡ್ಸ್ ಕಡೆ ಹೋಗೂ ಗಾಡಿಗೋಳು ವೇಕ್‌ಫೀಲ್ಡ್ ಕಡೆ ಹೋಗೂ ಗಾಡಿಗೋಳು ಒಂದಕ್ಕೊಂದು ಅಡ್ಡ ಬರ್ತಾವ, ಒಂದು ದಾಟೂ ತನಕ ಇನ್ನೊಂದು ಕಾಯಬೇಕು. ಮ್ಯಾಲೆ ಸೇತುವೆ ಆತಂದ್ರ ಆ ಕಾಯೂದು ತಪ್ಪತೈತಿ.

ಕರೆಂಟ್ ಕೆಲಸಾನೂ ತುಂಡು ತುಂಡು ಮುಗ್ಯಾಕ ಹತ್ತೈತಿ, 2024ರಾಗ ಯಾರ್ಕ್ ಕಡೆ ಚರ್ಚ್ ಫೆಂಟನ್ ಭಾಗ ಚಾಲೂ ಆತು. ಈ ರೂಟಿನ ಗಾಡಿ ಕೆಲವು ಡೀಸೆಲ್ ಕರೆಂಟ್ ಎರಡರ ಮ್ಯಾಲೂ ಓಡ್ತಾವ, ಅದಕ್ಕ ಪೂರ್ತಿ ಆಗೂ ತನಕ ಕಾಯೂದ ಬ್ಯಾಡ, ತಂತಿ ಇದ್ದಲ್ಲೆ ಕರೆಂಟ್ ತೊಗೊಂಡು ಇಲ್ಲದಲ್ಲೆ ಡೀಸೆಲ್ ಹಚ್ಚತಾವ. ಒಟ್ಟು ಬಜೆಟ್ 1,100 ಕೋಟಿ ಪೌಂಡಿನ ಆಸುಪಾಸು, ಮ್ಯಾಂಚೆಸ್ಟರಿಂದ ಯಾರ್ಕ್ ತನಕ 76 ಮೈಲಿ. ಎಲ್ಲಾ ಮುಗದು ನೀವು ಅದರ ಸುಖಾ ಉಣ್ಣೂದು 2030ರ ಮ್ಯಾಲಿನ ಮಾತು. ಮುಗದ ಮ್ಯಾಲೆ ಲೀಡ್ಸ್ ಮ್ಯಾಂಚೆಸ್ಟರ್ ನಲವತ್ತು ನಿಮಿಷದ ಸುತ್ತಮುತ್ತ ಬರಬೇಕು.

ಅಲ್ಲೀ ತನಕ ಶನಿವಾರ ರವಿವಾರ ಬಸ್ಸಿನ್ಯಾಗ ತಿರಗೂದಕ್ಕ ತಯಾರ ಇರ್ರಿ. ಬಸ್ಸಿಗೆ ನೀವು ಬೈತೀರಿ, ಆದ್ರ ಗಾಡಿ ಓಡೂ ಹಳಿ ಮ್ಯಾಲ ನಾವು ಕೆಲಸಾ ಮಾಡೂದು ಹೆಂಗ್ರಿ.

ಉಪ್ಪಿಟ್ಟುವಿರೋಧಿ:

ಮೇಲಿನ ಇಂಜಿನಿಯರ್ ಸಾಹೇಬ್ರು ಪ್ರಾಮಾಣಿಕವಾಗಿ ಹೇಳಿದಾರೆ, ಆದ್ರೆ ನಂದೂ ಒಂದು ಸ್ವಲ್ಪ ಕಹಿ ಇರ್ಲಿ. ಈ ಲೈನ್ ಎಲೆಕ್ಟ್ರಿಕ್ ಮಾಡ್ತೀವಿ ಅಂತ ಹೇಳಿದ್ದು 2011ರಲ್ಲಿ. 2015ರ ಜೂನಲ್ಲಿ ನಿಲ್ಲಿಸಿದೀವಿ ಅಂದ್ರು, ಸೆಪ್ಟೆಂಬರಲ್ಲಿ ಇಲ್ಲ ಇಲ್ಲ ಮತ್ತೆ ಶುರು ಅಂದ್ರು. ಎಚ್‌ಎಸ್‌ಟು, ಅಂದ್ರೆ ಲಂಡನ್ನಿಂದ ಬರೋ ಹೊಸ ಹೈಸ್ಪೀಡ್ ಲೈನು, ಲೀಡ್ಸಿಗೆ ಬರತ್ತೆ ಅಂತಿದ್ರು, 2021ರಲ್ಲಿ ಆ ಕೊಂಬೆ ಕಡಿದ್ರು. ಮ್ಯಾಂಚೆಸ್ಟರಿಗಾದ್ರೂ ಬರತ್ತೆ ಅಂದ್ಕೊಂಡ್ರೆ 2023ರ ಅಕ್ಟೋಬರಲ್ಲಿ ಆಗಿನ ಪ್ರಧಾನಿ ಸುನಕ್ ಮ್ಯಾಂಚೆಸ್ಟರಿಗೇ ಬಂದು ಕ್ಯಾನ್ಸಲ್ ಅಂದ್ರು, ಅದೂ ಯಾವ ಕಟ್ಟಡದಲ್ಲಿ, ಮ್ಯಾಂಚೆಸ್ಟರ್ ಸೆಂಟ್ರಲ್, 1969ರಲ್ಲಿ ಮುಚ್ಚಿದ ಹಳೇ ರೈಲ್ವೆ ಸ್ಟೇಷನ್ನು! ಜಾಗ ಆರಿಸ್ದೋರಿಗೆ ನಮಸ್ಕಾರ. ಅದಕ್ಕೇ ಯೋಜನೆ ನೋಡಿ ಮನೆ ತಗೊಳೋದು ಅಂದ್ರೆ ಕೂಸು ಹುಟ್ಟೋಕ್ಮುಂಚೆ ಕುಲಾವಿ ಹೊಲಿಸ್ದಂಗೆ. ಇವತ್ತಿನ ಟೈಮ್‌ಟೇಬಲ್ ನಿಮಗೆ ಸರಿಹೋದ್ರೆ ಮನೆ ತಗೊಳಿ, ಇಲ್ಲಾಂದ್ರೆ ಬೇಡ.

ಇನ್ನೊಂದು ವಿಷಯ ಯಾರೂ ಹೇಳ್ಲಿಲ್ಲ. ಮೇಡಂ ಆಫೀಸ್ ಆಕ್ಸ್‌ಫರ್ಡ್ ರೋಡ್ ಹತ್ರ, ಅಂದ್ರೆ ಕಾಸಲ್‌ಫೀಲ್ಡ್ ಕಾರಿಡಾರ್. ಪಿಕಡಿಲಿ 13, 14ನೇ ಪ್ಲಾಟ್‌ಫಾರ್ಮಿಂದ ಆಕ್ಸ್‌ಫರ್ಡ್ ರೋಡ್, ಡೀನ್ಸ್‌ಗೇಟ್ ಕಡೆ ಹೋಗೋ ಎರಡೇ ಹಳಿ, ಅದ್ರಲ್ಲೇ ಏರ್‌ಪೋರ್ಟ್ ಗಾಡಿ, ಲಿವರ್‌ಪೂಲ್ ಗಾಡಿ, ಗೂಡ್ಸು ಎಲ್ಲಾನೂ ನುಗ್ಗತ್ತೆ. 2017ರಲ್ಲಿ ಆರ್ಡ್‌ಸಾಲ್ ಕಾರ್ಡ್ ಅಂತ ಹೊಸ ತುಂಡು ಹಳಿ ಕಟ್ಟಿ ಇನ್ನಷ್ಟು ಗಾಡಿ ತುರುಕಿದ್ರು, ಜೊತೆಗೆ 15, 16 ಅಂತ ಎರಡು ಪ್ಲಾಟ್‌ಫಾರ್ಮ್ ಕಟ್ಬೇಕಿತ್ತು, ಅದು ಕಾಗದದಲ್ಲೇ ಉಳೀತು. ಅದರ ಮುಂದಿನ ವರ್ಷ ಮೇನಲ್ಲಿ ಹೊಸ ಟೈಮ್‌ಟೇಬಲ್ ಬಂದು ಇಡೀ ಉತ್ತರ ಇಂಗ್ಲೆಂಡ್ ಕೆಟ್ಟು ಕೂತಿದ್ದು ಹಳಬರಿಗೆಲ್ಲಾ ನೆನಪಿದೆ. ಆದ್ರಿಂದ ಪಿಕಡಿಲಿಲಿ ಇಳಿದು ನಡೀರಿ, ಕಾಲ್ಗಂಟೆ ದಾರಿ. ಆಕ್ಸ್‌ಫರ್ಡ್ ರೋಡ್ ಗಾಡಿ ಕಾಯೋದಕ್ಕಿಂತ ಬೇಗ ಹೋಗ್ತೀರ.

ಒಂದು ಒಳ್ಳೇದು ಹೇಳ್ತೀನಿ. ನಾನು ಬಂದಾಗ ಇಲ್ಲಿ ಪೇಸರ್ ಅಂತ ಗಾಡಿ ಓಡ್ತಿತ್ತು, ಎಂಬತ್ತರ ದಶಕದಲ್ಲಿ ಬಸ್ಸಿನ ಬಾಡಿ ಮಾದರಿ ತಗೊಂಡು ಹಳಿ ಮೇಲೆ ಕೂರ್ಸಿದ್ದು, ತಿರುವು ಬಂದ್ರೆ ಹಲ್ಲು ಕಡ್ಕೊಂಡು ಕೂರ್ಬೇಕು. 2020ರಲ್ಲಿ ಈ ಕಡೆಯಿಂದ ಕೊನೇದೂ ಹೋಯ್ತು. ಹಂಗಾಗಿ ಏನೂ ಬದಲಾಗಲ್ಲ ಅಂತ ನಾನೂ ಹೇಳಲ್ಲ.

ಮುಂಗಾರುಮೋಡ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರ ಯಾರೂ ಹೇಳಿರ್ಲಿಲ್ಲ. ಒಂದು ಡೌಟು, ಈಗ ಎಲ್ಲಾ ಸರ್ಕಾರದ್ದಾಗ್ತಿದೆ, ಗ್ರೇಟ್ ಬ್ರಿಟಿಷ್ ರೈಲ್ವೇಸ್ ಬರತ್ತೆ ಅಂತಾರಲ್ಲ, ಅದ್ರಿಂದ ನಮ್ ರೂಟಿಗೆ ಏನಾದ್ರೂ ಸುಧಾರಣೆ ಆಗತ್ತಾ?

ಉಪ್ಪಿಟ್ಟುವಿರೋಧಿ:

ಮೇಡಂ, ನಿಮ್ ರೂಟಲ್ಲಿ ಗಾಡಿ ಓಡ್ಸೋ ಎರಡೂ ಕಂಪನಿಯೋರು ಆಗ್ಲೇ ಸರ್ಕಾರದೋರೇ. ನಾರ್ದರ್ನ್ 2020ರ ಮಾರ್ಚಿಂದ, ಟ್ರಾನ್ಸ್‌ಪೆನೈನ್ 2023ರ ಮೇ ಇಂದ. ಬೋರ್ಡ್ ಬದಲಾದ ತಕ್ಷಣ ಹಳಿ ಎರಡಿದ್ದಿದ್ದು ನಾಲ್ಕಾಗಲ್ಲ. ಹೊಸದಾಗಿ ಬರೋದೇನಂದ್ರೆ ಹಳಿ ನೋಡ್ಕೊಳೋರೂ ಗಾಡಿ ಓಡ್ಸೋರೂ ಒಂದೇ ಮನೆ ಆಗ್ತಾರೆ, ಕೇಂದ್ರ ಕಚೇರಿ ಡಾರ್ಬಿಲಿ. ತಪ್ಪು ನಿಂದು ನಂದು ಅಂತ ಇಬ್ರೂ ಕಿತ್ತಾಡೋದು ಕಮ್ಮಿ ಆದ್ರೆ ಅದೇ ದೊಡ್ಡದು. ದರದ ವಿಷಯದಲ್ಲಿ ಸ್ಕಾಟ್ಲೆಂಡ್‌ನೋರು ಮುಂದೆ, ಸ್ಕಾಟ್‌ರೇಲ್‌ನಲ್ಲಿ 2025ರ ಸೆಪ್ಟೆಂಬರಿಂದ ಪೀಕ್ ಟೈಮ್ ಜಾಸ್ತಿ ರೇಟನ್ನೇ ತೆಗೆದಾಕಿದಾರೆ.

ಆಶಿಂಗ್ಟನ್_ಅಣ್ಣ:

ಇಷ್ಟು ದೂರದಿಂದ ಮೂಗು ತೂರಿಸ್ತಿದೀನಿ, ಬೇಜಾರಾಗ್ಬೇಡಿ. ನಾನಿರೋದು ನ್ಯೂಕಾಸಲ್ ಉತ್ತರಕ್ಕೆ, ಆಶಿಂಗ್ಟನ್. ಹಳೇ ಕಲ್ಲಿದ್ದಲು ಗಣಿ ಊರು. ಇಲ್ಲಿ 1964ರಲ್ಲಿ ಪ್ಯಾಸೆಂಜರ್ ಗಾಡಿ ನಿಲ್ಲಿಸಿದ್ರು, ಹಳಿ ಮಾತ್ರ ಗೂಡ್ಸಿಗೆ ಅಂತ ಉಳ್ಕೊಂಡಿತ್ತು. ನಾವು ಮನೆ ತಗೊಂಡಾಗ ಪಕ್ಕದ್ಮನೆ ಅಜ್ಜ ಗಾಡಿ ಬರತ್ತೆ ಅಂತ ಹೇಳೋರು, ಅವ್ರ ಹೆಂಡ್ತಿ ನಗೋರು, ನಾನೂ ನಕ್ಕಿದ್ದೆ. 2024ರ ಡಿಸೆಂಬರ್ 15ಕ್ಕೆ ಬಂದೇಬಿಡ್ತು. ಮೊದ್ಲು ಇಲ್ಲಿ ಆಶಿಂಗ್ಟನ್, ಸೀಟನ್ ಡೆಲವಲ್ ಎರಡೇ ಸ್ಟೇಷನ್ ತೆಗ್ದಿದ್ರು, ಉಳಿದಿದ್ದು ಲೇಟ್, ಬೈಯೋರು ಬೈದ್ರು. ನ್ಯೂಕಾಸಲ್‌ಗೆ ಒಂದು ಕಡೆಗೆ 3 ಪೌಂಡ್. ಮೊದಲು ನಾನು ಕಾರಲ್ಲಿ ಹೋಗಿ ಪಾರ್ಕಿಂಗಿಗೆ ಇದಕ್ಕಿಂತ ಜಾಸ್ತಿ ಕೊಡ್ತಿದ್ದೆ.

ಉಪ್ಪಿಟ್ಟು ಸಾರ್ ಹೇಳೋ ಕಹಿ ಸರೀನೇ, ಆದ್ರೆ ದೊಡ್ಡ ದೊಡ್ಡ ಹೆಸರಿನ ಯೋಜನೆಗಳು ಮುಗ್ಗರಿಸ್ತಿದ್ದಾಗ ಹಳೇ ಹಳಿ ಸವರಿ ಸ್ಟೇಷನ್ ಕಟ್ಟೋ ಸಣ್ಣ ಕೆಲಸಗಳು ಒಂದೊಂದಾಗಿ ಆಗೋಗಿವೆ. ಡೆವನಲ್ಲಿ ಓಕ್‌ಹ್ಯಾಂಪ್ಟನ್ 2021ರಲ್ಲಿ, ಸ್ಕಾಟ್ಲೆಂಡಲ್ಲಿ ಲೆವೆನ್ 2024ರಲ್ಲಿ, ಅದಕ್ಕೂ ಮುಂಚೆ 2015ರಲ್ಲಿ ಎಡಿನ್‌ಬರೋದಿಂದ ಟ್ವೀಡ್‌ಬ್ಯಾಂಕ್‌ಗೆ 30 ಮೈಲಿ. ಅವೆಲ್ಲಾ ಬೀಚಿಂಗ್ ಕಾಲದ, ಅಂದ್ರೆ ಅರವತ್ತರ ದಶಕದಲ್ಲಿ ಸಾಲುಸಾಲು ಲೈನ್ ಮುಚ್ಚಿದ ಕಾಲದ, ಆಜುಬಾಜು ಮುಚ್ಚಿದ್ದೇ. ಆದ್ರೂ ಮೇಡಂ, ನೀವು ಮಗು ಕರ್ಕೊಂಡು ಬರೋದಿದೆ, ಹಡರ್ಸ್‌ಫೀಲ್ಡ್ ತಗೊಳೋಕ್ಮುಂಚೆ ಹ್ಯಾಲಿಫ್ಯಾಕ್ಸ್, ಹೆಬ್ಡನ್ ಬ್ರಿಜ್ ಕಡೇನೂ ಒಂದು ಕಣ್ಣಾಡಿಸಿ, ಆ ಲೈನೂ ಲೀಡ್ಸಿಂದ ಮ್ಯಾಂಚೆಸ್ಟರ್ ವಿಕ್ಟೋರಿಯಾಗೆ ಹೋಗತ್ತೆ, ನಿಧಾನ ನಿಜ, ಆದ್ರೆ ದೊಡ್ಡ ಕೆಲಸ ನಡೀತಿರೋದು ನಿಮ್ ಕಡೆ ಲೈನಲ್ಲಿ.

ಕಡಲಕರೆ:

ಹೆಬ್ಡನ್ ಬ್ರಿಜ್ ಚಂದ ಊರು, ಆದ್ರೆ ನದಿ ಉಕ್ಕಿದ್ರೆ ಮನೆಯೊಳಗೆ ಬರ್ತದೆ, 2015ರ ಬಾಕ್ಸಿಂಗ್ ಡೇ (ಕ್ರಿಸ್‌ಮಸ್ ಮಾರನೇ ದಿನ) ಪ್ರವಾಹ ಕೇಳಿ ನೋಡಿ ಅಲ್ಲಿಯವರತ್ರ. ತಗೊಳ್ಳೋದಾದ್ರೆ ಗುಡ್ಡದ ಮೇಲೆ ತಗೊಳ್ಳಿ, ಮತ್ತೆ ದಿನಾ ಸ್ಟೇಷನ್ನಿಂದ ಮನೆಗೆ ಹತ್ತಿ ಮಂಡಿ ಹೋಗ್ತದೆ.

ಮುಂಗಾರುಮೋಡ:

ಅಪ್‌ಡೇಟ್: ಹೋದ ವಾರ ರಜೆ ಹಾಕಿ ಎರಡು ದಿನ ಸುಮ್ನೆ ಆಫೀಸ್ ಟೈಮಲ್ಲೇ ಓಡಾಡಿ ನೋಡ್ದೆ. ಮಂಗಳವಾರ ಹೋಗೋದು ಬರೋದು ಎರಡೂ ಗಡಿಯಾರದಂಗೆ, ಐದೂ ಮುಕ್ಕಾಲಿಗೆ ನರ್ಸರಿ ಬಾಗಿಲಲ್ಲಿದ್ದೆ. ಗುರುವಾರ ಬೆಳಿಗ್ಗೆ ಸೀಟ್ ಇಲ್ಲ, ಸಂಜೆ 22 ನಿಮಿಷ ಲೇಟು, ಆರೂ ಹತ್ತು. ನರ್ಸರಿಯೋರು ಫೈನ್ ಹಾಕ್ಲಿಲ್ಲ, ಯಾಕಂದ್ರೆ ಮಗಳಿನ್ನೂ ಅಲ್ಲಿ ಸೇರೇ ಇಲ್ಲ, ನಾನು ಬಾಗಿಲು ಮುಟ್ಟಿ ವಾಪಸ್ ಬಂದಿದ್ದು ಅಷ್ಟೆ, ಆದ್ರೂ ಎದೆ ಹೊಡ್ಕೋತಿತ್ತು. ಪಿಕಪ್ ನಮ್ಮೆಜಮಾನ್ರಿಗೆ ಅಂತ ತೀರ್ಮಾನ ಆಯ್ತು, ಮನೆಗೆ ಆಫರ್ ಹಾಕಿದೀವಿ, ಕೇಳಿದ್ದಕ್ಕಿಂತ ಸ್ವಲ್ಪ ಕಮ್ಮಿಗೆ. ಏಜೆಂಟ್ ಎಲೆಕ್ಟ್ರಿಕ್ ಅಂದಾಗ ನಮ್ಮೆಜಮಾನ್ರು, ತಂತಿ ಬಂದ್ಮೇಲೆ ಉಳಿದಿದ್ದು ಕೊಡ್ತೀವಿ ಅಂದ್ರು.

ಜವಾರಿ_ಸಿಗ್ನಲ್:

ಭಾಳ ಚಲೋ ಮಾಡಿದ್ರಿ. ಗುರುವಾರದ 22 ನಿಮಿಷಕ್ಕ ಡಿಲೇ ರಿಪೇ ಹಾಕಿದ್ರೋ ಇಲ್ಲೋ? 28 ದಿನದ ಒಳಗ ಹಾಕಬೇಕ್ರಿ, ಮರೀಬ್ಯಾಡ್ರಿ.