ಅಪ್‌ಡೇಟ್: ನಿದ್ದೆಯಲ್ಲಿ ಮೈ ಕಟ್ಟಿಹಾಕಿದಂತಾಗೋದು ಹತೋಟಿಗೆ ಬಂತು

ಎಚ್ಚರವಾದರೂ ಕೈಕಾಲು ಆಡಲ್ಲ, ಎದೆ ಮೇಲೆ ಯಾರೋ ಕೂತಂತಾಗುತ್ತೆ, ಏನು ಮಾಡಲಿ ಅಂತ ಚಿಕ್ಕಮಗಳೂರಿಂದ ಕೇಳಿದ್ದೆ. 12 ದಿನದಲ್ಲಿ ಒಂದೇ ಸಲ ಬಂದಿದೆ.

ಹೆಚ್ಚು ಫಲ ಕೊಟ್ಟಿದ್ದು ಮಗ್ಗುಲಾಗಿ ಮಲಗಿ ಅಂದವರ ಸಲಹೆ. ಅಂಗಾತ ಮಲಗಿದಾಗಲೇ ಇದು ಜಾಸ್ತಿ. ಹಳೇ ಬನಿಯನ್ ಬೆನ್ನಿಗೆ, ಎರಡು ಭುಜದ ನಡುವೆ ಜೇಬು ಹೊಲಿದು ಟೆನಿಸ್ ಚೆಂಡು ಹಾಕಿ. ಹೊರಳಿದ ಕೂಡಲೇ ಒತ್ತುತ್ತೆ. ಸೊಂಟದ ಹತ್ತಿರ ಹೊಲಿದರೆ ಬರೀ ನೋವು. ಜೊತೆಗೆ ರಾತ್ರಿ 10.30ಕ್ಕೆ ಮಲಗಿ ಬೆಳಿಗ್ಗೆ 6ಕ್ಕೆ ಏಳೋದು, ಭಾನುವಾರವೂ. ಮಧ್ಯಾಹ್ನ 2ರ ಮೇಲೆ ಕಾಫಿ ಇಲ್ಲ. ನಮ್ಮ ಕಡೆ ಇದೇ ಕಷ್ಟ, ಹೋದ ಮನೆಯಲ್ಲೆಲ್ಲ ಲೋಟ ಕೈಗೆ ಬರುತ್ತೆ.

ದಿಂಬಿನಡಿ ಕತ್ತಿ ಇಟ್ಟಿದ್ದು ಪ್ರಯೋಜನಕ್ಕೆ ಬರಲಿಲ್ಲ. ಮೈ ಹಿಡಿದಾಗ ಎದ್ದು ಕೂರೋಕೆ ಒದ್ದಾಡಿದರೆ ಭಯವೇ ಹೆಚ್ಚಾಗುತ್ತೆ. ಕಾಲಿನ ಹೆಬ್ಬೆರಳೊಂದನ್ನೇ ಅಲ್ಲಾಡಿಸಲು ನೋಡಿ, ಉಸಿರು ನಿಧಾನವಾಗಿ ಬಿಡಿ. ಹಿಡಿತ ಬಿಟ್ಟ ತಕ್ಷಣ ಮತ್ತೆ ಮಲಗಬೇಡಿ. ಮುಖ ತೊಳೆದು ಐದು ನಿಮಿಷ ಕೂತಿರಿ, ಇಲ್ಲದಿದ್ದರೆ ಮರುಕಳಿಸಬಹುದು.

ಹೊಸದಾಗಿ ತಿಳಿದಿದ್ದು: ಕನಸಿನ ನಿದ್ದೆಯಲ್ಲಿ ಮೆದುಳೇ ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತೆ, ಆದರೆ ಉಸಿರಾಡಿಸೋ ವಪೆ (ಎದೆ-ಹೊಟ್ಟೆ ನಡುವಿನ ಸ್ನಾಯು) ಕೆಲಸ ಮಾಡ್ತಾನೇ ಇರುತ್ತೆ. ಹಾಗಾಗಿ ಎದೆ ಬಿಗಿದರೂ ಉಸಿರು ನಿಲ್ಲಲ್ಲ. ಹಗಲಲ್ಲಿ ತಡೆಯಲಾಗದ ನಿದ್ದೆ, ನಕ್ಕಾಗ ಮಂಡಿ ಕುಸಿಯೋದು ಇದ್ದರೆ ಮಾತ್ರ ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ.